ಕೊಟೇಶನ್ ಕಳ್ಸಿ ಅನ್ನೋಕೆ ಮುಂಚೆ ನಿಮ್ಮದೊಂದು ಪುಟ ಕಳ್ಸಿ

ನಮ್ಮ ಟ್ರಸ್ಟಿನ ವೆಬ್‌ಸೈಟ್ ಹೊಸದಾಗಿ ಮಾಡ್ಸಿದ್ಮೇಲೆ ಅಕ್ಕಪಕ್ಕದ ಸಂಸ್ಥೆಯವ್ರು ಫೋನ್ ಮಾಡಿ ಕೇಳೋದು ಒಂದೇ, "ಎಷ್ಟಾಯ್ತು ರೀ?" ಅಂತ. ಹೇಳೋಕೇನೋ ಹೇಳ್ಬೋದು, ಆದ್ರೆ ನಮಗಾದ ರೇಟು ಅವ್ರಿಗೆ ಯಾವ ಕೆಲಸಕ್ಕೂ ಬರಲ್ಲ, ಅವ್ರ ಹತ್ರ ಏನಿದೆ ಏನಿಲ್ಲ ಅನ್ನೋದ್ರ ಮೇಲೆ ರೇಟು ನಿಲ್ಲುತ್ತೆ. ಅದಕ್ಕೇ ನಾವು ಕೊಟೇಶನ್ ಹೇಗೆ ಕರೆದ್ವಿ, ಬಂದಿದ್ದನ್ನ ಹೇಗೆ ಅಳೆದ್ವಿ ಅಂತ ಒಂದ್ಸಲ ಪೂರ್ತಿ ಬರೆದು ಹಾಕ್ತಿದ್ದೀನಿ, ಇನ್ಮೇಲೆ ಕೇಳಿದವ್ರಿಗೆ ಲಿಂಕ್ ಕಳ್ಸಿಬಿಡ್ತೀನಿ.

ನಮ್ಮದು ಶಿವಮೊಗ್ಗ ಕಡೆ ಒಂದು ಹೈಸ್ಕೂಲು, ಪಿಯು ಕಾಲೇಜು, ಜೊತೆಗೊಂದು ಹಾಸ್ಟೆಲ್ ನಡೆಸೋ ಟ್ರಸ್ಟ್. ದೊಡ್ಡ ದುಡ್ಡಿನ ಸಂಸ್ಥೆ ಅಲ್ಲ. ಇಂಥ ಕಡೆ ವೆಬ್‌ಸೈಟ್ ಅಂದ್ರೆ ಸಾಮಾನ್ಯವಾಗಿ ನಡೆಯೋದು ಹೀಗೆ: ಕಾರ್ಯದರ್ಶಿಗಳು ನಾಲ್ಕು ಜನಕ್ಕೆ ವಾಟ್ಸಾಪ್‌ನಲ್ಲಿ "ನಮ್ಮ ಶಾಲೆಗೊಂದು ವೆಬ್‌ಸೈಟ್ ಬೇಕು, ಕೊಟೇಶನ್ ಕಳ್ಸಿ" ಅಂತ ಮೆಸೇಜ್ ಹಾಕ್ತಾರೆ, ಒಬ್ಬ ಹದಿನೈದು ಸಾವಿರ ಅಂತಾನೆ, ಇನ್ನೊಬ್ಬ ನಾಲ್ಕು ಲಕ್ಷ ಅಂತಾನೆ, ಇಬ್ರೂ ಸುಳ್ಳು ಹೇಳ್ತಿಲ್ಲ. ಹದಿನೈದು ಸಾವಿರದವನ ತಲೇಲಿ ಇರೋದು ರೆಡಿಮೇಡ್ ಥೀಮ್‌ಗೆ ನಿಮ್ಮ ಲೋಗೋ ಅಂಟಿಸೋದು, ನಾಲ್ಕು ಲಕ್ಷದವನ ತಲೇಲಿ ಇರೋದು ಫೀಸ್ ಕಟ್ಟೋ ವ್ಯವಸ್ಥೆ, ಪೋಷಕರ ಲಾಗಿನ್, ಫೋಟೋಗ್ರಾಫರು, ಕಂಟೆಂಟ್ ಬರೆಯೋರು ಎಲ್ಲಾ ಸೇರಿ. ಇವೆರಡನ್ನ ಒಂದೇ ಟೇಬಲ್ಲಿನ ಮೇಲಿಟ್ಟು ಹೋಲಿಸಿದ್ರೆ ಕೊನೆಗೆ ಯಾರೋ ಟ್ರಸ್ಟಿಯ ತಂಗಿ ಮಗನಿಗೆ ಕೆಲಸ ಹೋಗುತ್ತೆ, ಆ ಹುಡುಗ ಬೆಂಗಳೂರಲ್ಲಿ ಕೆಲಸ ಸಿಕ್ತು ಅಂತ ಹೊರಟ್ಮೇಲೆ ಸೈಟು ಹಾಗೇ ನಿಂತಿರುತ್ತೆ.

ಹಾಗಾಗಿ ನಾವು ಮೊದ್ಲು ಕೂತು ಬರೆದಿದ್ದು ನಾಲ್ಕು ಪುಟದ ಒಂದು ಡಾಕ್ಯುಮೆಂಟು. ಆರ್‌ಎಫ್‌ಪಿ (ರಿಕ್ವೆಸ್ಟ್ ಫಾರ್ ಪ್ರೊಪೋಸಲ್, ಅಂದ್ರೆ ಪ್ರಸ್ತಾವನೆ ಕರೆಯೋ ಪತ್ರ) ಅಂತ ದೊಡ್ಡ ಹೆಸ್ರು ಇದೆ ಅದಕ್ಕೆ, ಇಂಟರ್‌ನೆಟ್ಟಲ್ಲಿ ಟೆಂಪ್ಲೇಟುಗಳು ರಾಶಿ ಸಿಗ್ತಾವೆ, ಮೂವತ್ತು ಪುಟ ಲೀಗಲ್ ಭಾಷೆ ಇರೋವು, ಅವನ್ನ ಡೌನ್‌ಲೋಡ್ ಮಾಡಿ ಹೆಸ್ರು ಬದಲಾಯಿಸಿ ಕಳ್ಸಬೇಡಿ ದಯವಿಟ್ಟು. ಒಂದೆರಡು ಲಕ್ಷದ ಕೆಲಸಕ್ಕೆ ಮೂವತ್ತು ಪುಟ ಓದಿ ಉತ್ತರ ಬರೆಯೋಕೆ ಒಳ್ಳೆ ಕೆಲಸ ಮಾಡೋ ಸಣ್ಣ ಟೀಮಿಗೆ ಪುರುಸೊತ್ತು ಇರಲ್ಲ, ಪುರುಸೊತ್ತು ಇರೋದು ಕಾಪಿ ಪೇಸ್ಟ್ ಮಾಡೋರಿಗೆ ಮಾತ್ರ. ನಮ್ಮ ನಾಲ್ಕು ಪುಟದಲ್ಲಿ ಇದ್ದಿದ್ದು, ಸೈಟಿಗೆ ಯಾರು ಬರ್ತಾರೆ ಮತ್ತೆ ಯಾಕೆ ಬರ್ತಾರೆ (ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ಮೇಲೆ ಮೇ-ಜೂನ್‌ನಲ್ಲಿ ಪೋಷಕರು, ಫೀಸೆಷ್ಟು ಹಾಸ್ಟೆಲ್ ಸೀಟಿದ್ಯಾ ಅಂತ ನೋಡೋಕೆ, ಹೆಚ್ಚುಕಮ್ಮಿ ಎಲ್ರೂ ಮೊಬೈಲಲ್ಲೇ, ಉಳಿದ ಟೈಮಲ್ಲಿ ಹಳೇ ವಿದ್ಯಾರ್ಥಿಗಳು), ನಮ್ಮ ಹತ್ರ ಏನು ಕಂಟೆಂಟ್ ರೆಡಿ ಇದೆ ಏನಿಲ್ಲ, ಮುಂದೆ ಸೈಟನ್ನ ಅಪ್‌ಡೇಟ್ ಮಾಡೋರು ಯಾರು (ಆಫೀಸಿನ ಕ್ಲರ್ಕ್ ಮೇಡಮ್ಮು, ಅವ್ರಿಗೆ ನುಡಿ ಸಾಫ್ಟ್‌ವೇರಲ್ಲಿ ಕನ್ನಡ ಟೈಪಿಂಗ್ ಚೆನ್ನಾಗಿ ಬರುತ್ತೆ, ಎಚ್‌ಟಿಎಮ್‌ಎಲ್ ಅಂದ್ರೆ ಗೊತ್ತಿಲ್ಲ), ಯಾವಾಗ ಮುಗೀಬೇಕು, ದುಡ್ಡು ಎಷ್ಟಿದೆ.

ದುಡ್ಡಿನ ವಿಷಯಕ್ಕೆ ಕಮಿಟೀಲಿ ಜಗಳಾನೇ ಆಯ್ತು. ಖಜಾಂಚಿಗಳು "ಬಜೆಟ್ ಹೇಳಿದ್ರೆ ಎಲ್ರೂ ಸರಿಯಾಗಿ ಅಷ್ಟೇ ಬರೀತಾರೆ ಕಣ್ರೀ" ಅಂದ್ರು. ಅವ್ರ ಮಾತಲ್ಲೂ ಹುರುಳಿದೆ. ಆದ್ರೆ ಬಜೆಟ್ ಹೇಳದಿದ್ರೆ ಒಬ್ಬೊಬ್ಬ ಒಂದೊಂದು ಕೆಲಸಕ್ಕೆ ರೇಟ್ ಹಾಕ್ತಾನೆ, ಹೇಳಿದ್ರೆ ಅದೇ ದುಡ್ಡಿಗೆ ಯಾರು ಎಷ್ಟು ಕೆಲಸ ಕೊಡ್ತಾರೆ ಅಂತ ನೋಡೋಕಾಗುತ್ತೆ. ಕೊನೆಗೆ ಇಷ್ಟರಿಂದ ಇಷ್ಟರೊಳಗೆ ಅಂತ ಒಂದು ರೇಂಜ್ ಬರೆದ್ವಿ. ನನ್ನ ಕೇಳಿದ್ರೆ ಈಗ್ಲೂ ಹಾಗೇ ಹೇಳ್ತೀನಿ, ರೇಂಜ್ ಬರೀರಿ.

ಯಾರಿಗೆ ಕಳ್ಸೋದು ಅನ್ನೋದಕ್ಕೆ ನಾವು ಮಾಡಿದ್ದು ಸುಲಭದ ಕೆಲಸ. ನಮಗೆ ಓದೋಕೆ ಹಿತ ಅನ್ಸಿದ ಕನ್ನಡ ಸೈಟುಗಳ ಕೆಳಗಡೆ "ಡಿಸೈನ್ಡ್ ಬೈ" ಅಂತ ಸಣ್ಣಕ್ಷರದಲ್ಲಿ ಇರುತ್ತಲ್ಲ, ಅಲ್ಲಿಂದ ಹೆಸ್ರು ತಗೊಂಡ್ವಿ. ಜಾಹೀರಾತು ಡೈರೆಕ್ಟರಿಗಳಲ್ಲಿ ನಂಬರ್ ಕೊಟ್ರೆ ಒಂದು ವಾರ ಫೋನ್ ಸ್ವಿಚಾಫ್ ಮಾಡ್ಕೊಂಡು ಕೂರ್ಬೇಕಾಗುತ್ತೆ, ಆ ಕಡೆ ಹೋಗ್ಲೇ ಇಲ್ಲ. ಶಿವಮೊಗ್ಗದವ್ರು, ಹುಬ್ಬಳ್ಳಿಯವ್ರು, ಬೆಂಗಳೂರಿನವ್ರು, ಒಬ್ರೇ ಮನೇಲಿ ಕೂತು ಕೆಲಸ ಮಾಡೋ ಫ್ರೀಲ್ಯಾನ್ಸರು, ಎಲ್ಲಾ ಥರದವ್ರೂ ಇದ್ರು. ಟ್ರಸ್ಟಿಗಳ ಸಂಬಂಧಿಕರು ಯಾರಾದ್ರೂ ಕೊಟೇಶನ್ ಹಾಕೋದಾದ್ರೆ ಹಾಕ್ಲಿ, ಆದ್ರೆ ಮಾರ್ಕ್ಸ್ ಹಾಕೋ ದಿನ ಆ ಟ್ರಸ್ಟಿ ಮೀಟಿಂಗಲ್ಲಿ ಇರಬಾರ್ದು ಅಂತ ಮೊದ್ಲೇ ರೆಸಲ್ಯೂಷನ್ ಮಾಡ್ಕೊಂಡ್ವಿ. ಪ್ರಶ್ನೆಗಳೇನಿದ್ರೂ ಇಮೇಲಲ್ಲೇ, ಒಬ್ಬರ ಹತ್ರನೇ, ಇಂತಿಂಥ ತಾರೀಖಿನೊಳಗೆ, ಒಬ್ರು ಕೇಳಿದ ಪ್ರಶ್ನೆಗೆ ಉತ್ತರ ಎಲ್ರಿಗೂ ಹೋಗುತ್ತೆ ಅಂತಾನೂ ಬರೆದ್ವಿ. ಇದೊಂದು ಸಾಲು ಇಲ್ದಿದ್ರೆ ಅಧ್ಯಕ್ಷರಿಗೊಂದು ಫೋನು, ಪ್ರಿನ್ಸಿಪಾಲರಿಗೊಂದು ಫೋನು, ಒಬ್ಬೊಬ್ರು ಒಂದೊಂದು ಹೇಳಿ ಕೊನೆಗೆ ಯಾರಿಗೆ ಏನು ಹೇಳಿದೀವಿ ಅಂತಾನೇ ಗೊತ್ತಾಗಲ್ಲ.

ಈಗ ನಿಜವಾಗ್ಲೂ ಹೇಳ್ಬೇಕಾಗಿರೋ ವಿಷಯಕ್ಕೆ ಬರ್ತೀನಿ. ಆ ನಾಲ್ಕು ಪುಟದ ಜೊತೆ ನಾವೊಂದು ಫೈಲ್ ಲಗತ್ತಿಸಿದ್ವಿ. ಹಾಸ್ಟೆಲ್ಲಿನ ಹಿಂದಿನ ವರ್ಷದ ಪ್ರಾಸ್ಪೆಕ್ಟಸ್‌ನ ಒಂದು ಪುಟ, ನಮ್ಮ ಆಫೀಸಲ್ಲಿ ಹೇಗಿದ್ಯೋ ಹಾಗೇ, ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿದ ವರ್ಡ್ ಫೈಲು, ಮಧ್ಯೆ ಫೀಸಿನ ಒಂದು ಟೇಬಲ್ಲು, ಕೆಳಗೆ ನಿಯಮಗಳು, ಕಾರ್ಯದರ್ಶಿಗಳ ಸಹಿ. ಕೇಳಿದ ಪ್ರಶ್ನೆ ಇಷ್ಟೇ: "ಈ ಪುಟ ಮೊಬೈಲಲ್ಲಿ ಪೋಷಕರಿಗೆ ಕಾಣೋ ಹಾಗೆ ಮಾಡೋಕೆ ನೀವು ಏನೇನು ಮಾಡ್ತೀರಿ, ಅರ್ಧ ಪುಟ ಬರೀರಿ. ಡಿಸೈನ್ ಮಾಡಿ ಕಳ್ಸೋದು ಬೇಡ."

ಡಿಸೈನ್ ಬೇಡ ಅಂದಿದ್ದು ಬೇಕು ಅಂತಾನೇ. ಎಲ್ರತ್ರನೂ ಬಿಟ್ಟಿ ಹೋಮ್‌ಪೇಜ್ ಮಾಡ್ಸಿ ನೋಡೋದು ಸರಿಯಲ್ಲ, ಟೈಲರ್ ಹತ್ರ ಹೋಗಿ ಮೊದ್ಲು ಅಂಗಿ ಹೊಲ್ಕೊಡಿ ಇಷ್ಟ ಆದ್ರೆ ದುಡ್ಡು ಕೊಡ್ತೀನಿ ಅಂದಹಾಗೆ. ಅದೂ ಅಲ್ದೆ ಬಿಟ್ಟಿ ಡಿಸೈನಲ್ಲಿ ಬರೋದು ಎಲ್ಲಿಂದಲೋ ಎತ್ತಿದ ಚಿತ್ರ, ಕೋಟು ಟೈ ಹಾಕ್ಕೊಂಡು ನಗೋ ವಿದೇಶಿ ಮಕ್ಕಳ ಫೋಟೋ, ಕಮಿಟಿಯವ್ರು ಅದ್ರ ಬಣ್ಣ ನೋಡಿ ಮರುಳಾಗ್ತಾರೆ, ಆಮೇಲೆ ನಮ್ಮ ಕನ್ನಡ ಅದ್ರೊಳಗೆ ಹಾಕೋಕೆ ಹೋದಾಗ ಏನೂ ಹಿಡಿಸಲ್ಲ.

ಆ ಒಂದು ಫೈಲು ಎಲ್ರನ್ನೂ ಬೇರೆ ಬೇರೆ ಮಾಡಿಬಿಡ್ತು. ಬಂದ ಉತ್ತರಗಳನ್ನ ನೋಡಿ.

ಒಬ್ರು ಫೈಲ್ ತೆಗೆದೇ ನೋಡಿರ್ಲಿಲ್ಲ, "ಯುವರ್ ಕಂಟೆಂಟ್ ವಿಲ್ ಬಿ ಫುಲ್ಲಿ ರೆಸ್ಪಾನ್ಸಿವ್" (ಯಾವ ಸ್ಕ್ರೀನಿಗಾದ್ರೂ ಹೊಂದಿಕೊಳ್ಳುತ್ತೆ) ಅಂತ ಒಂದು ಸಾಲು. ಇನ್ನೊಬ್ರು ಪುಟಾನ ಫೋಟೋ ತೆಗೆದು ಚಿತ್ರವಾಗಿ ಹಾಕ್ತೀವಿ ಅಂದ್ರು, ಅಂದ್ರೆ ಗೂಗಲ್‌ನಲ್ಲಿ ಹುಡುಕಿದ್ರೂ ಸಿಗಲ್ಲ, ಕಣ್ಣು ಕಾಣದವ್ರ ಫೋನು ಓದಿ ಹೇಳೋಕೂ ಆಗಲ್ಲ, ಮುಂದಿನ ವರ್ಷ ಫೀಸು ಐನೂರು ಹೆಚ್ಚಾದ್ರೆ ಮತ್ತೆ ಅವ್ರಿಗೇ ಫೋನ್ ಮಾಡ್ಬೇಕು. ಮತ್ತೊಬ್ರು ಪಿಡಿಎಫ್ ಲಿಂಕ್ ಕೊಡೋಣ ಅಂದ್ರು. ಐದೂವರೆ ಇಂಚಿನ ಸ್ಕ್ರೀನಲ್ಲಿ ಎ4 ಪಿಡಿಎಫ್ ಹಿಗ್ಗಿಸಿ ಹಿಗ್ಗಿಸಿ ಓದೋ ಕಷ್ಟ ಅನುಭವಿಸಿದವ್ರಿಗೇ ಗೊತ್ತು.

ಇಬ್ರು ಮಾತ್ರ ಸರಿಯಾದ ಜಾಗಕ್ಕೆ ಕೈ ಹಾಕಿದ್ರು. ಒಬ್ರು ಬರೆದಿದ್ದು ಹೀಗೆ, ಇದು ಯೂನಿಕೋಡ್ (ಎಲ್ಲಾ ಫೋನಲ್ಲೂ ಓದೋಕಾಗೋ ಅಕ್ಷರ ಪದ್ಧತಿ) ಅಲ್ಲ, ಆ ಫಾಂಟ್ ಇದ್ರೆ ಮಾತ್ರ ಕನ್ನಡವಾಗಿ ಕಾಣೋ ಹಳೇ ಆಸ್ಕಿ ಎನ್‌ಕೋಡಿಂಗು, ಕನ್ವರ್ಟರ್‌ಗೆ ಹಾಕಿದ್ರೆ ಬಹುಪಾಲು ಬರುತ್ತೆ, ಆದ್ರೆ ಅರ್ಕಾವತ್ತು ಇರೋ ಪದಗಳನ್ನ ಮನುಷ್ಯರೇ ಓದಿ ಚೆಕ್ ಮಾಡ್ಬೇಕು, ಅದನ್ನ ನಾವು ಮಾಡ್ಬೇಕೋ ನೀವು ಮಾಡ್ತೀರೋ ಹೇಳಿ, ನಾವೇ ಮಾಡೋದಾದ್ರೆ ಪುಟಕ್ಕೆ ಇಷ್ಟು ಅಂತ. ಇದು ಕೆಲಸ ಮಾಡಿ ಕೈ ಸುಟ್ಕೊಂಡವ್ರ ಮಾತು. ಹಳೇ ಫಾಂಟುಗಳಲ್ಲಿ ಅರ್ಕಾವತ್ತನ್ನ ಕಣ್ಣಿಗೆ ಕಾಣೋ ಕ್ರಮದಲ್ಲೇ ಇಟ್ಟಿರ್ತಾರೆ, ಅಕ್ಷರ ಆದ್ಮೇಲೆ ಬರುತ್ತೆ. ಯೂನಿಕೋಡಲ್ಲಿ ಉಚ್ಚಾರದ ಕ್ರಮ, ಅರ್ಧ ರಕಾರ ಮೊದ್ಲು ಬರ್ಬೇಕು. ಕನ್ವರ್ಟರ್ ಇಲ್ಲಿ ತಪ್ಪಿದ್ರೆ "ಕಾರ್ಯದರ್ಶಿ" ಅನ್ನೋ ಒಂದೇ ಪದದಲ್ಲಿ ಎರಡು ಕಡೆ ಎಡವಟ್ಟಾಗುತ್ತೆ, ಆ ಪದ ನಮ್ಮ ಪ್ರತಿಯೊಂದು ಸರ್ಕ್ಯುಲರಿನ ಕೆಳಗೂ ಇದೆ. "ವಿದ್ಯಾರ್ಥಿ" ಅಂತೂ ಕೇಳ್ಲೇಬೇಡಿ, ಶಾಲೆ ಸೈಟಲ್ಲಿ ಆ ಪದ ಇಲ್ದಿರೋ ಪುಟ ಯಾವುದಿದೆ.

ಇನ್ನೊಬ್ರು, ಒಬ್ಬರೇ ಕೆಲಸ ಮಾಡೋ ಫ್ರೀಲ್ಯಾನ್ಸರು, ಫಾಂಟಿನ ವಿಷಯ ಎತ್ತಿದ್ರು. ಇಂಗ್ಲಿಷ್ ಡಿಸೈನಲ್ಲಿ ಎಲ್ಲೆಲ್ಲೂ ಪಾಪಿನ್ಸ್ ಅನ್ನೋ ಫಾಂಟ್ ಹಾಕ್ತಾರೆ, ಅದ್ರಲ್ಲಿ ದೇವನಾಗರಿ ಇದೆ, ಕನ್ನಡ ಅಕ್ಷರ ಇಲ್ಲ, ಹಾಗಾಗಿ ಫೋನಲ್ಲಿ ಯಾವ ಕನ್ನಡ ಫಾಂಟ್ ಇದ್ಯೋ ಅದು ಬಂದು ಕೂರುತ್ತೆ, ಡಿಸೈನರು ತೋರ್ಸಿದ್ದೇ ಒಂದು ಜನ ನೋಡೋದೇ ಒಂದು. ಅದ್ರ ಬದ್ಲು ನೋಟೋ ಸಾನ್ಸ್ ಕನ್ನಡ, ಅನೇಕ್ ಕನ್ನಡ, ತಲೆಬರಹಕ್ಕೆ ಬೇಕಾದ್ರೆ ಟೀರೋ ಕನ್ನಡ, ಇವೆಲ್ಲ ಗೂಗಲ್ ಫಾಂಟ್ಸಲ್ಲಿ ಉಚಿತವಾಗೇ ಇದಾವೆ ಅಂತ ಬರೆದಿದ್ರು. ಸಾಲುಗಳ ನಡುವಿನ ಅಂತರ ಇಂಗ್ಲಿಷಿಗೆ ಇಟ್ಟಷ್ಟೇ ಇಟ್ರೆ ಒತ್ತಕ್ಷರದ ಬಾಲ ಬಟನ್ನಿನ ಅಂಚಲ್ಲಿ ಕಟ್ ಆಗುತ್ತೆ ಅಂತಾನೂ, ಮೆನುವಿನಲ್ಲಿ "ಹೋಮ್, ಅಬೌಟ್" ಅಂತ ಇರೋ ಜಾಗಕ್ಕೆ "ವಿದ್ಯಾರ್ಥಿನಿಲಯ, ಪ್ರವೇಶ ಪ್ರಕ್ರಿಯೆ" ಬಂದ್ರೆ ಎರಡು ಸಾಲಾಗುತ್ತೆ ಅದಕ್ಕೆ ಮೆನು ಬೇರೆ ಥರ ಯೋಚಿಸ್ಬೇಕು ಅಂತಾನೂ. ಕೊನೆಗೊಂದು ಸಾಲು, "ನಿಮ್ಮ ಫೈಲಲ್ಲಿ ರ್‍ಯಾಂಕ್ ಅನ್ನೋ ಪದ ಇದೆ, ಕನ್ವರ್ಟ್ ಮಾಡಿದಾಗ ಅದು ರ್ಯಾಂಕ್ ಆಗಿ ಕೂರುತ್ತೆ, ಸರಿ ಮಾಡ್ಬೇಕು." ಇದು ಓದಿದ್ಮೇಲೆ ಆ ವ್ಯಕ್ತಿಯ ಪೋರ್ಟ್‌ಫೋಲಿಯೋ ನೋಡೋಕೆ ಮುಂಚೇನೇ ನನಗೆ ಅರ್ಧ ನಂಬಿಕೆ ಬಂದಿತ್ತು.

ನಿಮ್ಮ ಸಂಸ್ಥೆಗೆ ನುಡಿ ಫೈಲೇ ಇರ್ಬೇಕಂತಿಲ್ಲ. ಅಂಗಡಿಯಾದ್ರೆ ಸಾಮಾನಿನ ರೇಟ್ ಲಿಸ್ಟು, ಸಹಕಾರ ಸಂಘವಾದ್ರೆ ಠೇವಣಿ ಬಡ್ಡಿ ಪಟ್ಟಿ, ನಾಟಕ ತಂಡವಾದ್ರೆ ಹಳೇ ಪ್ರದರ್ಶನಗಳ ಫೋಟೋ ರಾಶಿ. ನಿಮ್ಮ ಹತ್ರ ಇರೋದ್ರಲ್ಲಿ ತೀರಾ ಗೋಜಲಾಗಿರೋ ಒಂದು ಪುಟ ಆರಿಸ್ಕೊಳ್ಳಿ, ಚೆಂದ ಇರೋದನ್ನ ಕಳ್ಸಬೇಡಿ.

ಈ ಪ್ರಶ್ನೆ ಈಗ ಇನ್ನೂ ಮುಖ್ಯ ಆಗಿದೆ, ಯಾಕಂದ್ರೆ ಪ್ರೊಪೋಸಲ್ ಬರೆಯೋ ಕೆಲಸ ಈಗ ಯಾರಿಗೂ ಕಷ್ಟ ಅಲ್ಲ. ಚಾಟ್‌ಜಿಪಿಟಿಗೆ ಹಾಕಿದ್ರೆ ಇಪ್ಪತ್ತು ಪುಟ ಹೊಳಪಿನ ಇಂಗ್ಲಿಷ್ ಬರುತ್ತೆ, ಟೈಮ್‌ಲೈನ್ ಚಾರ್ಟು, ರಿಸ್ಕ್ ಮ್ಯಾಟ್ರಿಕ್ಸು ಎಲ್ಲಾ. ಮೊದ್ಲೆಲ್ಲ ನೀಟಾಗಿ ಬರೆದವ್ರು ನೀಟಾಗಿ ಕೆಲಸ ಮಾಡ್ತಾರೆ ಅಂತ ಒಂದು ಅಂದಾಜಾದ್ರೂ ಇತ್ತು, ಈಗ ಅದು ಹೋಯ್ತು. ಕಾಪಿ ಪೇಸ್ಟ್ ಕಲೆ ಮಾತ್ರ ಹಾಗೇ ಉಳಿದಿದೆ, ನಮಗೆ ಬಂದ ಒಂದು ಪ್ರೊಪೋಸಲಲ್ಲಿ ಹನ್ನೊಂದನೇ ಪುಟದಲ್ಲಿ "ನಿಮ್ಮ ಆಸ್ಪತ್ರೆಯ ರೋಗಿಗಳು ಆನ್‌ಲೈನ್‌ನಲ್ಲೇ ಅಪಾಯಿಂಟ್‌ಮೆಂಟ್ ಪಡೆಯಬಹುದು" ಅಂತ ಇತ್ತು. ಪ್ರಿನ್ಸಿಪಾಲರು "ಪರೀಕ್ಷೆ ಹತ್ರ ಬಂದಾಗ ನಮ್ಮಲ್ಲೂ ಅದೇ ಪರಿಸ್ಥಿತಿ ಬಿಡಿ" ಅಂದು ನಗ್ತಿದ್ರು.

ಮಾರ್ಕ್ಸ್ ಹಾಕೋ ಪದ್ಧತಿಗೆ ನಮ್ಮ ಕಮಿಟೀಲಿರೋ ಒಬ್ರು ರಿಟೈರ್ಡ್ ಪಿಡಬ್ಲ್ಯುಡಿ ಎಂಜಿನಿಯರ್ ಸಾಹೇಬ್ರಿಗೆ ಥ್ಯಾಂಕ್ಸ್ ಹೇಳ್ಬೇಕು. ಅವ್ರು ಸರ್ವೀಸ್ ಪೂರ್ತಿ ಟೆಂಡರುಗಳಲ್ಲೇ ಕಳೆದವ್ರು, 1999ರ ಕೆಟಿಪಿಪಿ (ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ) ಕಾಯ್ದೆ ಬರೋಕೆ ಮುಂಚಿನ ಕಾಲಾನೂ ನೋಡಿದವ್ರು, ಆಮೇಲಿಂದೂ ನೋಡಿದವ್ರು. ಪಾರದರ್ಶಕತೆ ಕಾಯ್ದೆ ಸರ್ಕಾರಿ ಖರೀದಿಗೆ, ನಮ್ಮಂಥ ಖಾಸಗಿ ಟ್ರಸ್ಟಿಗೆ ಅದು ಅನ್ವಯ ಆಗಲ್ಲ, ಆದ್ರೆ ಅಲ್ಲಿಂದ ಎರಡು ಕವರಿನ ಪದ್ಧತಿ ಕಲೀಬೋದು ಅಂದ್ರು. ಟೆಕ್ನಿಕಲ್ ಕವರ್ ಬೇರೆ, ರೇಟಿನ ಕವರ್ ಬೇರೆ, ಮೊದಲನೇದಕ್ಕೆ ಮಾರ್ಕ್ಸ್ ಹಾಕಿ ಸಹಿ ಮಾಡಿದ್ಮೇಲೇ ಎರಡನೇದು ಒಡೆಯೋದು. ನಾವು ಕಾಗದದ ಕವರ್ ಬದ್ಲು ಎರಡು ಪಿಡಿಎಫ್ ಕೇಳಿದ್ವಿ, ರೇಟಿನ ಪಿಡಿಎಫ್‌ಗೆ ಪಾಸ್‌ವರ್ಡ್ ಹಾಕಿ ಕಳ್ಸಿ, ನಾವು ಕೇಳಿದಾಗ ಪಾಸ್‌ವರ್ಡ್ ಹೇಳಿ ಅಂತ. ಕೇಳೋಕೆ ಸ್ವಲ್ಪ ನಾಟಕೀಯ ಅನ್ಸುತ್ತೆ, ಆದ್ರೆ ಎಂಬತ್ತು ಸಾವಿರ ಅನ್ನೋ ನಂಬರ್ ಒಂದ್ಸಲ ಕಣ್ಣಿಗೆ ಬಿದ್ರೆ ಆಮೇಲೆ ಯಾವ ಕಮಿಟಿಯೂ ಬೇರೆ ಏನನ್ನೂ ಓದಲ್ಲ. ಅದು ಮನುಷ್ಯ ಸಹಜ.

ಮಾರ್ಕ್ಸಿನ ಲೆಕ್ಕ ಹೀಗೆ. ಕೆಲಸದ ಗುಣಕ್ಕೆ ನೂರಕ್ಕೆ ಎಪ್ಪತ್ತು, ರೇಟಿಗೆ ಮೂವತ್ತು. ರೇಟಿನ ಮಾರ್ಕ್ಸ್ ತೆಗೆಯೋದು, ಎಲ್ರಿಗಿಂತ ಕಮ್ಮಿ ರೇಟನ್ನ ಇವ್ರ ರೇಟಿಂದ ಭಾಗಿಸಿ ನೂರರಿಂದ ಗುಣಿಸೋದು. ಒಂದು ಉದಾಹರಣೆ ನೋಡಿ (ಇದು ನಮ್ಮ ಅಸಲಿ ಅಂಕಿ ಅಲ್ಲ, ಲೆಕ್ಕ ತೋರ್ಸೋಕೆ). ಮೊದಲನೆಯವ್ರಿಗೆ ಗುಣದಲ್ಲಿ 85, ರೇಟು 1,20,000. ಎರಡನೆಯವ್ರಿಗೆ ಗುಣದಲ್ಲಿ 62, ರೇಟು 80,000. 70:30 ಲೆಕ್ಕದಲ್ಲಿ ಮೊದಲನೆಯವ್ರಿಗೆ 59.5 ಪ್ಲಸ್ 20, ಒಟ್ಟು 79.5. ಎರಡನೆಯವ್ರಿಗೆ 43.4 ಪ್ಲಸ್ 30, ಒಟ್ಟು 73.4. ಮೊದಲನೆಯವ್ರು ಗೆದ್ರು. ಈಗ ಅದೇ ಅಂಕಿಗಳನ್ನ 50:50 ಮಾಡಿ, ಮೊದಲನೆಯವ್ರಿಗೆ 75.8, ಎರಡನೆಯವ್ರಿಗೆ 81. ಫಲಿತಾಂಶ ತಲೆಕೆಳಗು. ಅಂದ್ರೆ ಯಾರು ಗೆಲ್ತಾರೆ ಅನ್ನೋದನ್ನ ಈ ಎಪ್ಪತ್ತು ಮೂವತ್ತೇ ತೀರ್ಮಾನ ಮಾಡಿಬಿಡುತ್ತೆ, ಹಾಗಾಗಿ ಅದನ್ನ ಕವರ್ ಒಡೆಯೋಕೆ ಮುಂಚೆ ಬರೆದು, ಕೊಟೇಶನ್ ಕೇಳೋ ಪತ್ರದಲ್ಲೇ ಎಲ್ರಿಗೂ ಹೇಳಿಬಿಡ್ಬೇಕು. ಎಂಜಿನಿಯರ್ ಸಾಹೇಬ್ರ ಮಾತಲ್ಲೇ ಹೇಳೋದಾದ್ರೆ, "ರಸ್ತೆಗೆ ಎಲ್1, ಅಂದ್ರೆ ಎಲ್ರಿಗಿಂತ ಕಮ್ಮಿ ರೇಟಿನವ್ರು, ಸರಿ, ಜಲ್ಲಿ ಎಷ್ಟು ಡಾಂಬರು ಎಷ್ಟು ಅಂತ ನಾವೇ ಬರೆದು ಕೊಟ್ಟಿರ್ತೀವಿ, ಇಲ್ಲಿ ಏನು ಬೇಕು ಅಂತ ನಮಗೇ ಪೂರ್ತಿ ಗೊತ್ತಿಲ್ಲ, ಇಲ್ಲಿ ಎಲ್1 ಹಿಡ್ಕೊಂಡು ಹೋದ್ರೆ ಕೆಟ್ವಿ."

ಗುಣದ ಮಾರ್ಕ್ಸ್‌ನಲ್ಲಿ ಅವ್ರು ಮಾಡಿರೋ ಹಳೇ ಸೈಟುಗಳಿಗೂ ಪಾಲಿತ್ತು. ಪ್ರೊಪೋಸಲಲ್ಲಿ ಅಂಟಿಸಿರೋ ಸ್ಕ್ರೀನ್‌ಶಾಟ್ ನೋಡ್ಬೇಡಿ, ಅದು ಉದ್ಘಾಟನೆ ದಿನದ ಫೋಟೋ. ಲಿಂಕ್ ತೆಗೆದು ಈಗ ಹೇಗಿದೆ ನೋಡಿ, ಸುದ್ದಿ ವಿಭಾಗದಲ್ಲಿ ಕೊನೇ ಸುದ್ದಿ ಯಾವ ವರ್ಷದ್ದು ನೋಡಿ. ಆಫೀಸಲ್ಲಿ ಯಾರದ್ದಾದ್ರೂ ಹಳೇ ಆಂಡ್ರಾಯ್ಡ್ ಫೋನ್ ಇಸ್ಕೊಂಡು ವೈಫೈ ಆಫ್ ಮಾಡಿ ತೆಗೀರಿ. ಗೂಗಲಿನ ಪೇಜ್‌ಸ್ಪೀಡ್ ಇನ್‌ಸೈಟ್ಸ್ ಅಂತ ಒಂದು ಉಚಿತ ಟೂಲ್ ಇದೆ, ಲಿಂಕ್ ಹಾಕಿದ್ರೆ ಎಲ್‌ಸಿಪಿ ಅಂತ ಒಂದು ಅಂಕಿ ಕೊಡುತ್ತೆ, ಪುಟದ ಮುಖ್ಯ ಭಾಗ ಕಾಣೋಕೆ ಎಷ್ಟು ಹೊತ್ತಾಯ್ತು ಅಂತ, 2.5 ಸೆಕೆಂಡಿನೊಳಗೆ ಇದ್ರೆ ಒಳ್ಳೇದು ಅಂತ ಗೂಗಲ್ಲೇ ಹೇಳುತ್ತೆ. ಬಹಳ ಶಾಲೆ ಸೈಟುಗಳು ಮೇಲ್ಗಡೆ ಓಡೋ ದೊಡ್ಡ ದೊಡ್ಡ ಫೋಟೋಗಳಿಂದಾಗಿ ಇಲ್ಲೇ ಮುಗ್ಗರಿಸೋದು.

ಹಳೇ ಗ್ರಾಹಕರಿಗೆ ಫೋನ್ ಮಾಡಿ. "ಕೆಲಸ ಹೇಗಿದೆ" ಅಂತ ಕೇಳಿದ್ರೆ ಎಲ್ರೂ "ಚೆನ್ನಾಗಿದೆ ಸಾರ್" ಅಂತಾರೆ, ನಮ್ಮ ಜನ ಫೋನಲ್ಲಿ ಯಾರನ್ನೂ ದೂರಲ್ಲ. ನಾವು ಕೇಳಿದ್ದು "ನಿಮ್ಮ ಸೈಟಲ್ಲಿ ಒಂದು ಫೋನ್ ನಂಬರ್ ಬದಲಾಯಿಸ್ಬೇಕಂದ್ರೆ ಏನು ಮಾಡ್ತೀರಿ?" ಅಂತ. ಒಬ್ರು "ನಾವೇ ಮಾಡ್ಕೊತೀವಿ" ಅಂದ್ರು. ಇನ್ನೊಬ್ರು ಸ್ವಲ್ಪ ಹೊತ್ತು ಸುಮ್ನಿದ್ದು "ಅವ್ರಿಗೆ ಮೇಲ್ ಹಾಕಿದೀವಿ, ನೋಡ್ಬೇಕು" ಅಂದ್ರು. ಅಷ್ಟೇ ಸಾಕಿತ್ತು.

ಇನ್ನು ಯಾವುದು ಯಾರ ಹೆಸರಲ್ಲಿ ಇರುತ್ತೆ ಅನ್ನೋ ವಿಷಯ. ಇಲ್ಲಿ ಕಮಿಟಿಗಳು ತುಂಬಾ ಉದಾಸೀನ ಮಾಡ್ತಾವೆ. ಡೊಮೈನ್ (ಸೈಟಿನ ವಿಳಾಸ) ಸಂಸ್ಥೆಯ ಹೆಸರಲ್ಲೇ, ಸಂಸ್ಥೆಯ ಇಮೇಲಿಂದಲೇ ರಿಜಿಸ್ಟರ್ ಆಗಿರ್ಬೇಕು, ಅದೂ ಪ್ರಿನ್ಸಿಪಾಲರ ಸ್ವಂತ ಜಿಮೇಲ್ ಆಗಿರ್ಬಾರ್ದು, ಅವ್ರು ನಾಳೆ ರಿಟೈರ್ ಆಗ್ತಾರೆ. ನಮಗೆ ಪರಿಚಯದ ಒಂದು ಸಂಸ್ಥೆಯವ್ರದ್ದು, ವೆಂಡರ್ ಹೆಸರಲ್ಲೇ ಡೊಮೈನ್ ಇತ್ತು, ಅವ್ರು ಕಂಪನಿ ಮುಚ್ಕೊಂಡು ಹೋದ್ರು, ರಿನ್ಯೂವಲ್ ನೆನಪಿಸೋ ಮೇಲ್‌ಗಳೆಲ್ಲ ಅವ್ರಿಗೇ ಹೋಗ್ತಿತ್ತು, ಹೆಸ್ರು ಲ್ಯಾಪ್ಸ್ ಆಯ್ತು, ಬೇರೆ ಯಾರೋ ಕೊಂಡ್ಕೊಂಡ್ರು, ಈಗ ಆ ವಿಳಾಸ ಹೊಡೆದ್ರೆ ಆನ್‌ಲೈನ್ ಜೂಜಿನ ಸೈಟ್ ಬರುತ್ತೆ. ಮಕ್ಕಳ ಡೈರಿ ಮೇಲೆ, ಸ್ಕೂಲ್ ಬಸ್ ಮೇಲೆ ಆ ವಿಳಾಸ ಇನ್ನೂ ಪ್ರಿಂಟಾಗೇ ಇದೆ.

ಡಿಸೈನು, ಕೋಡು ಯಾರದ್ದು ಅನ್ನೋದೂ ಹಾಗೇ. ದುಡ್ಡು ಕೊಟ್ವಿ ಅಂದ್ಮೇಲೆ ನಮ್ದೇ ಅಲ್ವಾ ಅನ್ಕೊತೀವಿ, ಕಾನೂನು ಹಾಗೆ ಹೇಳಲ್ಲ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಸಂಬಳದ ನೌಕರ ಮಾಡಿದ್ದಾದ್ರೆ ಮಾಲೀಕನಿಗೆ, ಹೊರಗಿನವ್ರು ಬರೆದ ಕೋಡು ಬರೆದವ್ರಿಗೇ, ಬರವಣಿಗೇಲಿ ಸಹಿ ಹಾಕಿ ವರ್ಗಾವಣೆ ಮಾಡ್ಕೊಂಡ್ರೆ ಮಾತ್ರ ನಮ್ಮದು. ಅದ್ರ 19ನೇ ಸೆಕ್ಷನ್ ಇನ್ನೂ ಒಂದು ಹೇಳುತ್ತೆ, ವರ್ಗಾವಣೆ ಪತ್ರದಲ್ಲಿ ಎಷ್ಟು ಕಾಲಕ್ಕೆ ಅಂತ ಬರೀದಿದ್ರೆ ಅದು ಐದು ವರ್ಷಕ್ಕೆ ಅಂತ ಲೆಕ್ಕ, ಎಲ್ಲಿಗೆ ಅಂತ ಬರೀದಿದ್ರೆ ಭಾರತಕ್ಕೆ ಮಾತ್ರ ಅಂತ. ಇಂಟರ್‌ನೆಟ್ಟಲ್ಲಿರೋ ವಸ್ತುಗೆ ಭಾರತ ಮಾತ್ರ ಅಂದ್ರೆ ಹೇಗೆ. ಪ್ರೊಪೋಸಲ್ ಕೇಳೋವಾಗ್ಲೇ "ಕೊನೇ ಕಂತು ಕೊಟ್ಟ ಮೇಲೆ ಹಕ್ಕುಗಳನ್ನ ಬರೆದು ಕೊಡ್ತೀರಾ" ಅಂತ ಕೇಳಿಬಿಡಿ, ಆಗ ಹೂಂ ಅನ್ನೋದು ಸುಲಭ, ಕೆಲಸ ಮುಗಿದ್ಮೇಲೆ ಕೇಳಿದ್ರೆ ಅದಕ್ಕೂ ಒಂದು ರೇಟಿರುತ್ತೆ. ವರ್ಡ್‌ಪ್ರೆಸ್ ಥರದ ಓಪನ್ ಸೋರ್ಸ್ ಸಾಫ್ಟ್‌ವೇರನ್ನ ಅವ್ರು ಬರೆದು ಕೊಡೋಕಾಗಲ್ಲ, ಅದು ಅವ್ರದ್ದೂ ಅಲ್ಲ ನಮ್ಮದೂ ಅಲ್ಲ, ಅದ್ರ ಮೇಲೆ ನಮಗೋಸ್ಕರ ಮಾಡಿದ್ದು ಏನಿದ್ಯೋ ಅದ್ರ ಬಗ್ಗೆ ಈ ಮಾತು.

ರೇಟಿನ ಪಿಡಿಎಫ್ ಒಡೆದಾಗ ಮೊದಲ ವರ್ಷದ ಅಂಕಿ ನೋಡ್ಬೇಡಿ, ಮೂರು ವರ್ಷಕ್ಕೆ ಒಟ್ಟು ಎಷ್ಟು ಅಂತ ಹಾಕಿ. "ಡೊಮೈನ್ ಹೋಸ್ಟಿಂಗ್ ಫ್ರೀ" ಅನ್ನೋದು ಮೊದಲ ವರ್ಷಕ್ಕೆ ಮಾತ್ರ, ಎರಡನೇ ವರ್ಷ ಅದೇ ಹೋಸ್ಟಿಂಗಿಗೆ (ಸೈಟನ್ನ ಇಂಟರ್‌ನೆಟ್ಟಲ್ಲಿ ಇಡೋ ಜಾಗಕ್ಕೆ) ಎಎಂಸಿ, ಅಂದ್ರೆ ವರ್ಷದ ನಿರ್ವಹಣೆ ಒಪ್ಪಂದದ ಜೊತೆ ಸೇರಿಸಿ ಬಿಲ್ ಬರುತ್ತೆ. ಸೈಟಿಗೂ ನೋಡೋರಿಗೂ ನಡುವೆ ಮಾಹಿತಿ ಗುಟ್ಟಾಗಿ ಹೋಗೋಕೆ ಬೇಕಾದ ಎಸ್‌ಎಸ್‌ಎಲ್ ಸರ್ಟಿಫಿಕೇಟಿಗೆ ವರ್ಷಕ್ಕಿಷ್ಟು ಸಾವಿರ ಅಂತ ಬರೆದಿದ್ರೆ ಯಾಕೆ ಅಂತ ಕೇಳಿ, ಲೆಟ್ಸ್ ಎನ್‌ಕ್ರಿಪ್ಟ್ ಅನ್ನೋ ಸಂಸ್ಥೆ ಅದನ್ನ ಉಚಿತವಾಗೇ ಕೊಡುತ್ತೆ, ನಮ್ಮಂಥ ಸೈಟಿಗೆ ಅದು ಧಾರಾಳ ಸಾಕು. ಎಎಂಸಿ ಅಂದ್ರೆ ಏನೇನು ಮಾಡ್ತೀರಿ, ಬ್ಯಾಕಪ್ ಎಲ್ಲಿಡ್ತೀರಿ, ಪ್ಲಗಿನ್ ಅಪ್‌ಡೇಟ್ ಮಾಡ್ತೀರಾ, ಸೈಟ್ ಬಿದ್ರೆ ಎಷ್ಟು ಗಂಟೇಲಿ ಎತ್ತುತ್ತೀರಿ ಅಂತ ಬರೆಸ್ಕೊಳ್ಳಿ. ಜಿಎಸ್‌ಟಿ 18 ಪರ್ಸೆಂಟ್ ಸೇರಿದ್ಯೋ ಇಲ್ವೋ ನೋಡಿ. ಶಾಲೆಗಳಿಗೆ ಇನ್‌ಪುಟ್ ಕ್ರೆಡಿಟ್ (ಕೊಟ್ಟ ಜಿಎಸ್‌ಟಿಯನ್ನ ಮುಂದೆ ಹೊಂದಿಸ್ಕೊಳ್ಳೋ ಸೌಲಭ್ಯ) ಸಿಗಲ್ಲ, ಹಾಗಾಗಿ ಆ 18 ಪರ್ಸೆಂಟ್ ನಮ್ಮ ಜೇಬಿಂದಲೇ ಹೋಗೋ ದುಡ್ಡು. ವರ್ಷದ ವಹಿವಾಟು 20 ಲಕ್ಷದೊಳಗಿರೋ ಫ್ರೀಲ್ಯಾನ್ಸರು ಸಾಮಾನ್ಯವಾಗಿ ಜಿಎಸ್‌ಟಿ ಹಾಕಲ್ಲ. ಎಲ್ಲಾ ಸೇರಿಸಿದ ಅಂಕಿಯನ್ನೇ ಹೋಲಿಸ್ಬೇಕು.

"ಗೂಗಲ್ ಫಸ್ಟ್ ಪೇಜ್ ಗ್ಯಾರಂಟಿ" ಅಂತ ಬರೆದವ್ರಿಗೆ ನಾವು ಮಾರ್ಕ್ಸ್ ಕಳೆದ್ವಿ. ಮೊದಲನೇ ಸ್ಥಾನ ಯಾರೂ ಗ್ಯಾರಂಟಿ ಕೊಡೋಕಾಗಲ್ಲ ಅಂತ ಗೂಗಲ್ಲೇ ಬರೆದುಕೊಂಡಿದೆ. "ಅನ್‌ಲಿಮಿಟೆಡ್ ರಿವಿಷನ್ಸ್" ಅಂದವ್ರಿಗೂ ಕಳೆಯೋಣ ಅಂದೆ ನಾನು, ನಮ್ಮ ಕಮಿಟೀಲಿ ಎಷ್ಟು ಜನ ಇದೀವಿ ಅಂತ ಅವ್ರಿಗೆ ಗೊತ್ತಿಲ್ಲ ಪಾಪ, ಬಿಟ್ಟುಬಿಡೋಣ ಅಂದ್ರು ಉಳಿದವ್ರು.

ಕೊನೇ ಸುತ್ತಿಗೆ ಮೂವರನ್ನ ಕರೆದು ಮಾತಾಡ್ಸಿದ್ವಿ, ಸೇಲ್ಸ್‌ನವ್ರು ಬೇಡ, ಕೆಲಸ ಮಾಡೋರೇ ಬರ್ಲಿ ಅಂತ ಹೇಳಿ. ಇಲ್ಲಿ ನಾನು ಗಮನಿಸಿದ್ದು ಅವ್ರು ಕೊಡೋ ಉತ್ತರಕ್ಕಿಂತ ಹೆಚ್ಚಾಗಿ ಅವ್ರು ಕೇಳೋ ಪ್ರಶ್ನೆನ. ಒಬ್ರು ಬಂದು ಪೂರ್ತಿ ಹೊತ್ತು ತಮ್ಮ ಅವಾರ್ಡುಗಳನ್ನೇ ತೋರ್ಸಿದ್ರು. ಆ ಫ್ರೀಲ್ಯಾನ್ಸರ್ ಹೆಣ್ಣುಮಗಳು ಕೂತ ತಕ್ಷಣ ಕ್ಲರ್ಕ್ ಮೇಡಮ್ಮಿಗೆ "ಮೇಡಂ, ನೀವು ಒಂದು ನೋಟಿಸ್ ಟೈಪ್ ಮಾಡೋದನ್ನ ಸ್ವಲ್ಪ ನೋಡ್ಬೋದಾ?" ಅಂತ ಕೇಳಿ ಅವ್ರ ಪಕ್ಕ ಕುರ್ಚಿ ಎಳ್ಕೊಂಡು ಕೂತ್ರು. ಯಾವ ಕೀಬೋರ್ಡ್ ಲೇಔಟು, ಫೈಲ್ ಎಲ್ಲಿ ಸೇವ್ ಆಗುತ್ತೆ, ಪ್ರಿಂಟ್ ತೆಗೆದು ಸಹಿ ಆದ್ಮೇಲೆ ಸ್ಕ್ಯಾನ್ ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕ್ತಾರೆ ಅನ್ನೋವರೆಗೂ ನೋಡಿದ್ರು. ಆಮೇಲೆ ಕೇಳಿದ್ದು, "ಮಕ್ಕಳ ಫೋಟೋ ಹಾಕೋಕೆ ಪೋಷಕರ ಒಪ್ಪಿಗೆ ತಗೊಂಡಿದೀರಾ? ಅಡ್ಮಿಷನ್ ಎನ್‌ಕ್ವೈರಿ ಫಾರಂನಲ್ಲಿ ಮಗುವಿನ ಹೆಸ್ರು, ಹುಟ್ಟಿದ ದಿನ ಎಲ್ಲಾ ಬೇಕೇ ಬೇಕಾ, ಪೋಷಕರ ಫೋನ್ ನಂಬರ್ ಒಂದೇ ಸಾಕಲ್ವಾ?" ಅಂತ. 2023ರ ಡೇಟಾ ಸಂರಕ್ಷಣಾ ಕಾಯ್ದೇಲಿ 18 ವರ್ಷದೊಳಗಿನ ಎಲ್ರೂ ಮಕ್ಕಳೇ, ಅವ್ರ ಮಾಹಿತಿ ತಗೊಳ್ಳೋಕೆ ಪೋಷಕರ ಒಪ್ಪಿಗೆ ಬೇಕು ಅನ್ನೋ ನಿಯಮ ಇದೆ, ಪಿಯು ಮಕ್ಕಳೂ ಅದ್ರಲ್ಲೇ ಬರ್ತಾರೆ. ಉಳಿದ ಯಾವ ಪ್ರೊಪೋಸಲಲ್ಲೂ ಇದ್ರ ಸುದ್ದಿ ಇರ್ಲಿಲ್ಲ.

ಒಬ್ಬರೇ ಇದ್ದಾರೆ, ನಾಳೆ ಜ್ವರ ಬಂದ್ರೆ ಏನ್ ಗತಿ ಅಂತ ಅಧ್ಯಕ್ಷರು ಕೇಳಿದ್ರು, ನ್ಯಾಯವಾದ ಪ್ರಶ್ನೆ. ಅದಕ್ಕೆ ಅವ್ರು ಇನ್ನೊಬ್ಬ ಡೆವಲಪರ್ ಹೆಸ್ರು ಕೊಟ್ರು, ಜೊತೆಗೆ ಎಲ್ಲಾ ಪಾಸ್‌ವರ್ಡು, ಬ್ಯಾಕಪ್ಪು ಟ್ರಸ್ಟಿನ ಅಕೌಂಟಲ್ಲೇ ಇರುತ್ತೆ ಅಂತ ಬರೆದು ಕೊಟ್ರು. ಮಾರ್ಕ್ಸ್ ಕೂಡಿಸಿದಾಗ ಅವ್ರೇ ಮೇಲೆ ಬಂದ್ರು, ರೇಟಲ್ಲಿ ಕಮ್ಮಿಯವ್ರೂ ಅಲ್ಲ ಹೆಚ್ಚಿನವ್ರೂ ಅಲ್ಲ. ವರ್ಕ್ ಆರ್ಡರ್ ಕೊಡೋವಾಗ ಅವ್ರ ಪ್ರೊಪೋಸಲನ್ನೇ ಅನುಬಂಧ ಅಂತ ಸೇರಿಸಿದ್ವಿ, ಬರೆದಿದ್ದು ಬರೆದಹಾಗೇ ಆಗ್ಬೇಕಲ್ಲ. ಅಡ್ವಾನ್ಸು ಮೂವತ್ತು ಪರ್ಸೆಂಟು, ಡಿಸೈನ್ ಒಪ್ಪಿದಾಗ ಮೂವತ್ತು, ಸೈಟ್ ಲೈವ್ ಆದಾಗ ಮೂವತ್ತು, ಕ್ಲರ್ಕ್ ಮೇಡಮ್ಮು ಯಾರ ಸಹಾಯನೂ ಇಲ್ದೆ ಒಂದು ನೋಟಿಸ್ ಹಾಕಿ ತೋರಿಸಿದ ಮೇಲೆ ಕೊನೇ ಹತ್ತು. ಆ ಕೊನೇ ಷರತ್ತು ಫ್ರೀಲ್ಯಾನ್ಸರೇ ಕೇಳಿ ಹಾಕಿಸ್ಕೊಂಡಿದ್ದು.

ಕೆಲಸ ಸಿಗದವ್ರಿಗೆ ತಿಳಿಸೋದು ನಮ್ಮ ಕಡೆ ರೂಢಿಯಲ್ಲೇ ಇಲ್ಲ, ಅವ್ರು ಪಾಪ ತಿಂಗಳುಗಟ್ಲೆ "ಸಾರ್ ಏನಾಯ್ತು" ಅಂತ ಫೋನ್ ಮಾಡ್ತಾನೇ ಇರ್ತಾರೆ, ನಾವು "ಕಮಿಟೀಲಿ ಇದೆ" ಅಂತ ಹೇಳ್ತಾನೇ ಇರ್ತೀವಿ. ಈ ಸಲ ಎಲ್ರಿಗೂ ಅವ್ರವ್ರ ಮಾರ್ಕ್ಸ್ ಹಾಕಿ, ಎಲ್ಲಿ ಕಮ್ಮಿಯಾಯ್ತು ಅಂತ ಎರಡು ಸಾಲು ಬರೆದು ಕಳ್ಸಿದ್ವಿ. ಒಬ್ರು ಕೋಪ ಮಾಡ್ಕೊಂಡ್ರು, ಬಾಕಿಯವ್ರು ಥ್ಯಾಂಕ್ಸ್ ಹೇಳಿದ್ರು. ಅರ್ಕಾವತ್ತಿನ ವಿಷಯ ಬರೆದಿದ್ರಲ್ಲ, ಅವ್ರು ಮಾತ್ರ ತಿರುಗಿ ಫೋನ್ ಮಾಡಿ "ನಿಮ್ಮ ಹಳೇ ನುಡಿ ಫೈಲುಗಳ ಕನ್ವರ್ಷನ್ನು, ಪ್ರೂಫ್ ನೋಡೋದು ನಾವು ಬೇರೆಯಾಗಿ ಮಾಡ್ಕೊಡ್ಬೋದಾ?" ಅಂತ ಕೇಳಿದ್ರು. ಫ್ರೀಲ್ಯಾನ್ಸರನ್ನ ಕೇಳಿದ್ವಿ, ಅವ್ರು ಖುಷಿಯಿಂದ್ಲೇ ಒಪ್ಪಿದ್ರು, ಆ ಕೆಲಸ ಅವ್ರಿಗೆ ಬೇಕಾಗಿರ್ಲಿಲ್ಲ ಅಂತ ಕಾಣುತ್ತೆ. ಪುಟಕ್ಕಿಷ್ಟು ಅಂತ ಮಾತಾಡಿ ಅದನ್ನ ಇವ್ರಿಗೇ ಕೊಟ್ವಿ, ಈಗ ಎಂಬತ್ತರ ದಶಕದ ವಾರ್ಷಿಕ ಸಂಚಿಕೆಗಳನ್ನ ಟೈಪ್ ಮಾಡ್ಸೋಕೆ ಎಷ್ಟಾಗುತ್ತೆ ಅಂತ ಅವ್ರತ್ರ ಇನ್ನೊಂದು ಕೊಟೇಶನ್ ಕೇಳಿದೀವಿ.